ಪೈಪಿನ ಒಳತುಟಿ

ಪೈಪಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಕಂಡರೆ ಮೊದಲು ಕೇಳುವುದು ಒಂದೇ ಮಾತು: "ಕಾಕಾ, ಯಾವ ಬ್ಲೇಡು ಛಲೋ?" ನಾನು ತಿರುಗಿ ಕೇಳುತ್ತೇನೆ: "ನಿನಗ ಅಂಜಿಕಿ ಅದ ಏನಪ್ಪ?" ಅವರು ನಗುತ್ತಾರೆ. ಬ್ಲೇಡಿಗೂ ಅಂಜಿಕೆಗೂ ಏನು ಸಂಬಂಧ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸಂಬಂಧ ಇದೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಊರೂರು ತಿರುಗಿ ಬೋರಿಂಗ್ ರಿಪೇರಿ ಮಾಡಿದ ನಾನು ಇಡೀ ನೌಕರಿಯನ್ನು ಅಂಜಿಕೊಂಡೇ ಮುಗಿಸಿದವನು. ನಮ್ಮ ಕಡೆ ಕೈಪಂಪಿಗೆ ಬೋರಿಂಗ್ ಅನ್ನುತ್ತಾರೆ. ಅದನ್ನು ದುರಸ್ತಿ ಮಾಡುವವನು ಬೋರಿಂಗ್ ಮೇಸ್ತ್ರಿ. ಊರಿಗೆ ಬಂದಾಗ ಅವನಿಗೆ ಚಹಾ ಕೊಡುತ್ತಾರೆ, ನೀರು ಬರದಿದ್ದರೆ ಅವನ ಹೆಸರಿಟ್ಟು ಬೈಯುತ್ತಾರೆ. ಎರಡಕ್ಕೂ ನಾನು ಒಗ್ಗಿಕೊಂಡಿದ್ದೆ. ಪೈಪು ಇನ್ನೇನು ತುಂಡಾಗುತ್ತದೆ ಅನ್ನುವ ಆ ಕೊನೆಯ ಗಳಿಗೆಗೆ ಮಾತ್ರ ಒಗ್ಗಲಿಲ್ಲ. ಕೊಯ್ಯಲು ಶುರುಮಾಡುವಾಗ ಯಾರಿಗೂ ಅಂಜಿಕೆ ಇರುವುದಿಲ್ಲ. ಬ್ಲೇಡು ಆಚೆ ಕಡೆಗೆ ಹೊರಟಾಗ, ಆಚೆ ಏನಿದೆ ಎಂಬುದು ಕಣ್ಣಿಗೆ ಕಾಣದಾಗ, ನನ್ನ ಅಂಗೈ ಬೆವರುತ್ತಿತ್ತು.

ನನಗೆ ಕೆಲಸ ಕಲಿಸಿದವರು ಉಸ್ತಾದ ಖಾಜಾಸಾಬರು. ದುಂಡನೆಯ ಆಳು, ಬಾಯಲ್ಲಿ ಸದಾ ಅಡಕೆ. ಅಂಗಡಿಯಲ್ಲಿ ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡು ಕೊಳ್ಳುವಾಗ ಅವರು ಒಂದೊಂದನ್ನೂ ಎತ್ತಿ ಹಿಡಿದು ಉಗುರಿನಿಂದ ಮೀಟಿ ಕಿವಿಯ ಹತ್ತಿರ ತರುತ್ತಿದ್ದರು. "ಸಾಬ್ರ, ಆಕ್ಸಾ ಬ್ಲೇಡ್ ಒಯ್ಯಾಕ ಬಂದೀರೋ ತಂಬೂರಿ ಒಯ್ಯಾಕ ಬಂದೀರೋ?" ಎಂದು ಅಂಗಡಿಯ ಶೆಟ್ಟರು ಕಿಚಾಯಿಸುತ್ತಿದ್ದರು. ಉಸ್ತಾದರು ಅಡಕೆ ಆಚೆ ಕೆನ್ನೆಗೆ ಸರಿಸಿ, "ಮಂದ ಸಪ್ಪಳ ಬಂದದ್ದು ಅರ್ಧಕ್ಕ ಮುರೀತದ್ರಿ ಶೆಟ್ಟರ. ಮುರದಾಗ ನನ್ನ ಕೈ ಇರ್ತದ, ನಿಮ್ಮದಲ್ಲ" ಅನ್ನುತ್ತಿದ್ದರು.

ಅವರು ಕಲಿಸಿದ್ದು ಬಹಳ ಸರಳ. ಕೊಯ್ಯುವ ಲೋಹದ ದಪ್ಪದ ಮೇಲೆ ಬ್ಲೇಡಿನ ಎರಡು ಮೂರು ಹಲ್ಲಾದರೂ ಒಮ್ಮೆಗೇ ಕೂರಬೇಕು. ತೆಳುವಾದ ನಳಿಗೆಗೆ ದೊಡ್ಡ ಹಲ್ಲಿನ ಬ್ಲೇಡು ಹಾಕಿದರೆ ಒಂದೇ ಹಲ್ಲು ಅಂಚಿಗೆ ಸಿಕ್ಕಿ, ಬ್ಲೇಡು ಜಿಗಿಯುತ್ತದೆ ಇಲ್ಲವೇ ಹಲ್ಲು ಉದುರುತ್ತದೆ. ದಪ್ಪ ಪೈಪಿಗೆ ಸಣ್ಣ ಹಲ್ಲಿನದು ಹಾಕಿದರೆ ಹಲ್ಲಿನ ಸಂದಿಯಲ್ಲಿ ಪುಡಿ ತುಂಬಿ ಬರೀ ಉಜ್ಜುತ್ತದೆ, ಕೊಯ್ಯುವುದಿಲ್ಲ, ಕಾಯುತ್ತದೆ. ಮುರಿದ ಬ್ಲೇಡನ್ನು ಎಸೆಯಬಾರದು. ಅದರ ಒಂದು ತುದಿಗೆ ಅರಿವೆ ಸುತ್ತಿಕೊಂಡರೆ, ಫ್ರೇಮು ಹೋಗದ ಜಾಗಕ್ಕೆ ಅದು ಹೋಗುತ್ತದೆ. ನನ್ನ ಚೀಲದ ತಳದಲ್ಲಿ ಅಂಥ ತುಂಡುಗಳು ಸದಾ ಇರುತ್ತಿದ್ದವು. ಚೀಲಕ್ಕೆ ಕೈ ಹಾಕಿದಾಗೆಲ್ಲ ಚುಚ್ಚುತ್ತಿದ್ದವು.

ಕಿವಿಯ ಪಾಠ ನನಗೆ ಆದದ್ದು ಆಳಂದದ ಕಡೆಯ ಮಟಕಿ ಎಂಬ ಊರಿನಲ್ಲಿ. ಬೋರಿಂಗಿನ ಪೈಪುಗಳನ್ನು ಮೇಲೆತ್ತುವಾಗ ಒಂದು ಜೋಡಣೆ ತುಕ್ಕು ಹಿಡಿದು ಬಿಚ್ಚಲು ಬರಲಿಲ್ಲ. ಕೊಯ್ಯಬೇಕಾಯಿತು. ಅದರ ಕೆಳಗಿನ ಪೈಪೆಲ್ಲ ಒಂದು ಬಿಗಿಪಟ್ಟಿಯ ಮೇಲೆ ತೂಗುತ್ತಿತ್ತು. ಅದು ಜಾರಿದರೆ ಪೈಪು ಪಾತಾಳಕ್ಕೆ, ಬೋರು ಮಣ್ಣಿಗೆ, ಊರಿಗೆ ನೀರಿಲ್ಲ. ನನ್ನ ಜೊತೆಗಾರ ಶರಣಪ್ಪ, ಗಟ್ಟಿಮುಟ್ಟಾದ ಅವಸರದ ಮನುಷ್ಯ, ಪಟ್ಟಿ ಬಿಗಿದು, "ಜಗ್ಗು ಲೇ, ಏನಾಗಂಗಿಲ್ಲ" ಎಂದ. ನಾನು ಬ್ಲೇಡು ಎಳೆದೆ. ಅರ್ಧಕ್ಕೆ ಬಂದಿರಬೇಕು, ಕೆಳಗಿನಿಂದ 'ಕರ್ರ್' ಎಂದು ಸದ್ದಾಗಿ ಪೈಪು ಒಂದು ಗೇಣು ಜಾರಿ, ತಾನೇ ಎಲ್ಲೋ ಸಿಕ್ಕಿ ನಿಂತಿತು. ಕೊಡ ಹಿಡಿದು ನಿಂತ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಉಸ್ತಾದರು ಬೈಯಲಿಲ್ಲ. ಬೈದಿದ್ದರೆ ಅಂಜಿಕೆ ಕಡಿಮೆಯಾಗುತ್ತಿತ್ತೇನೋ. ಪಟ್ಟಿಯನ್ನು ತಾವೇ ಬಿಗಿದು, ಪೈಪಿಗೆ ಕಿವಿಯಿಟ್ಟು ಕೂತರು. "ಈಗ ಜಗ್ಗು. ನಾ ಬ್ಯಾಡ ಅಂದ್ಕೂಡಲೇ ನಿಲ್ಲಸು." ಕೆಲಸ ಮುಗಿದ ಮೇಲೆ ಹೇಳಿದರು: "ಬ್ಲೇಡ್ ಕಣ್ಣಿಗಿ ಕಾಣ್ತದ ಬಾಬಾ, ಪೈಪಿನ ಒಳಗ ಕಾಣಂಗಿಲ್ಲ. ಒಳಗಿಂದು ಕಿವಿಗಿ ಕೇಳಬೇಕು."

ಎಂಬತ್ತರ ದಶಕದಲ್ಲಿ ನಮಗೆ ಚಕ್ರದ ಕಟರು ಬಂತು. ಪೈಪಿಗೆ ಅದನ್ನು ತೊಡಿಸಿ, ಹಿಡಿ ಬಿಗಿಮಾಡುತ್ತ ಸುತ್ತಿದರೆ ಸಾಕು, ಸೌತೆಕಾಯಿ ಕತ್ತರಿಸಿದಂತೆ ಪೈಪು ತುಂಡಾಗುತ್ತಿತ್ತು. ಪುಡಿಯಿಲ್ಲ, ಬೆವರಿಲ್ಲ, ಸೊಟ್ಟ ಇಲ್ಲ. ಶರಣಪ್ಪ ಅದನ್ನು ಎದೆಗೆ ಅವಚಿಕೊಂಡು ತಿರುಗಿದ. "ಇನ್ಮ್ಯಾಗ ಆ ಆಕ್ಸಾ ಬ್ಲೇಡ್ ತಗೊಂಡು ನೀ ಮನ್ಯಾಗ ಕಬ್ಬ ಕೊಯ್ಯು" ಎಂದು ನನ್ನನ್ನು ಛೇಡಿಸಿದ. ಆಗ ಉಸ್ತಾದರು ನಿವೃತ್ತಿಯ ಅಂಚಿನಲ್ಲಿದ್ದರು. ಹೊಸದಾಗಿ ಕತ್ತರಿಸಿದ ಪೈಪನ್ನು ಎತ್ತಿಕೊಂಡು ನನ್ನ ತೋರುಬೆರಳನ್ನು ಅದರ ಬಾಯೊಳಗೆ ಹಾಕಿ ಒಂದು ಸುತ್ತು ತಿರುಗಿಸಿದರು. ಬೆರಳಿನಿಂದ ರಕ್ತ ಬಂತು. ಚಕ್ರ ಕೊಯ್ಯುವುದಿಲ್ಲ, ಒತ್ತುತ್ತದೆ. ಒತ್ತಿದ ಅಂಚು ಪೈಪಿನ ಒಳಕ್ಕೆ ತುಟಿಯಂತೆ ಮಡಚಿಕೊಳ್ಳುತ್ತದೆ. ಅದನ್ನು ತಿಕ್ಕಿ ತೆಗೆಯಲು ದುಂಡನೆಯ ಅರ ಬೇಕು, ನಮ್ಮ ಕಡೆ ಅರಕ್ಕೆ ಕಾನಸ್ ಅನ್ನುತ್ತಾರೆ.

"ನೋಡ್ದ್ಯಾ? ಹೊರಗ ಮದುಮಗ, ಒಳಗ ಕಳ್ಳ," ಎಂದರು. "ಕಟರ್ ತಿರುಗಿಸಿದ ಮ್ಯಾಲ ಗುಂಡು ಕಾನಸ್ ಹಚ್ಚಿ ಒಳತುಟಿ ತಿಕ್ಕಿ ತಗೀಬೇಕು. ಆಮ್ಯಾಲ ನಿನ್ನ ಬೆರಳೇ ಹಾಕಿ ನೋಡು. ಬೆರಳು ಹಾಕಾಕ ಅಂಜಿಕಿ ಬಂತಂದ್ರ ಕೆಲಸ ಇನ್ನಾ ಮುಗಿದಿಲ್ಲ ಅಂತ ತಿಳಿ."

ಒಳಗೆ ನೀರು ಹೋಗುವ ಪೈಪಿಗೆ ಯಾರು ಬೆರಳು ಹಾಕುತ್ತಾರೆ ಎಂದು ಶರಣಪ್ಪ ನಕ್ಕ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು.

ಕೆಲವು ವರ್ಷಗಳ ನಂತರ ಒಂದು ಬೇಸಿಗೆಯಲ್ಲಿ ನಾನೂ ಶರಣಪ್ಪನೂ ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ ಬೋರಿಂಗ್ ಬಿಚ್ಚಿ ಕೂತಿದ್ದೆವು. ನಮ್ಮ ಸಾಹೇಬರು, ಎಳೆ ವಯಸ್ಸಿನ ಎಂಜಿನಿಯರು, ಜೀಪಿನಲ್ಲಿ ಕೆಲಸ ನೋಡಲು ಬಂದಿದ್ದರು. ಪಕ್ಕದ ಸಣ್ಣ ಊರಿನಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದು, ಸೈಕಲ್ಲನ್ನು ಹಾಗೇ ಕೆಡವಿ, "ಜಲ್ದಿ ಬರ್ರಿ, ನಮ್ಮೂರ ಟಾಕ್ಯಾಗ ಹೆಣ್ಮಗಳ ಕೈ ಸಿಕ್ಕೊಂಡದ" ಎಂದು ಕೂಗಿದ. ಚೀಲ ಎತ್ತಿಕೊಂಡು ಜೀಪು ಹತ್ತಿದೆವು.

ಆ ಊರಿನ ನೀರಿನ ಟಾಕಿಯ ಗೋಡೆಯಿಂದ ಎರಡೂವರೆ ಇಂಚಿನ ಪೈಪು ಒಂದು ಮೊಳದಷ್ಟು ಹೊರಗೆ ಚಾಚಿತ್ತು. ಅದರ ನಳ ಎಂದೋ ಮುರಿದುಹೋಗಿತ್ತು. ಊರವರು ಹಳೆಯ ಸೀರೆಯ ಅರಿವೆಯನ್ನು ಉಂಡೆ ಮಾಡಿ ಬಾಯಿಗೆ ಗಿಡಿಯುತ್ತಿದ್ದರು, ನೀರು ಬೇಕಾದಾಗ ತೆಗೆಯುತ್ತಿದ್ದರು. ಅರಿವೆ ಒಮ್ಮೊಮ್ಮೆ ಒಳಕ್ಕೆ ಸರಿದುಬಿಡುತ್ತಿತ್ತು. ಆಗ ತೆಳ್ಳನೆಯ ಕೈಯ ನೀಲಮ್ಮನನ್ನು ಕರೆಯುತ್ತಿದ್ದರು. ಆಕೆ ಆ ಊರಿನ ಸೊಸೆ, ತುಂಬಿದ ಬಸುರಿ. ಆಗಷ್ಟೇ ಕುಬಸ, ಅಂದರೆ ಸೀಮಂತ, ಮಾಡಿದ್ದರು. ಹೆರಿಗೆಗೆ ಅಫಜಲಪುರದ ಕಡೆಯ ತವರಿಗೆ ಹೊರಡುವವಳಿದ್ದಳು. ಎಷ್ಟೋ ಸಲ ಹಾಕಿ ತೆಗೆದ ಅದೇ ಕೈಯನ್ನು ಅಂದೂ ಹಾಕಿದ್ದಾಳೆ. ಆದರೆ ಅಂದು ಕೈತುಂಬ ಕುಬಸದ ಹಸಿರು ಬಳೆಗಳಿದ್ದವು. ಒತ್ತಿ ತಳ್ಳಿದಾಗ ಮೊಣಕೈ ಕಡೆಗೆ ಸರಿದು ಪೈಪಿನ ಬಾಯೊಳಗೆ ಹೋದವು. ಹೊರಗೆ ಬರಲಿಲ್ಲ.

ನಾವು ಹೋದಾಗ ಆಕೆ ಟಾಕಿಯ ಗೋಡೆಗೆ ಕೆನ್ನೆ ಒತ್ತಿಕೊಂಡು ಕೊಡದ ಮೇಲೆ ಕೂತಿದ್ದಳು. ಬಲಗೈ ಮೊಣಕೈವರೆಗೂ ಪೈಪಿನೊಳಗೆ. ನಮಗಿಂತ ಮೊದಲೇ ಗಾಬರಿಯಲ್ಲಿ ಯಾರೋ ಆಕೆಯ ನಡು ಹಿಡಿದು ಎಳೆದಿದ್ದರು. ಎಳೆದಷ್ಟೂ ಕೈ ಊದಿತ್ತು. ಪೈಪಿನ ಬಾಯಂಚಿನಲ್ಲಿ ಚರ್ಮ ಹಿಟ್ಟು ಉಕ್ಕಿದಂತೆ ಉಬ್ಬಿ ನಿಂತಿತ್ತು. ಎಣ್ಣೆ ಹೊಯ್ದಿದ್ದರು, ಸಾಬೂನು ಹಚ್ಚಿದ್ದರು. ಅತ್ತೆ ಗುರಮ್ಮ ಸೊಸೆಯ ತಲೆಯ ಮೇಲೆ ಸೆರಗು ಹಿಡಿದು ನೆರಳು ಮಾಡಿದ್ದಳು.

"ಒಂದು ಕಬ್ಬಿಣದ ಸಳಿ ಹಾಕಿ ಒಳಗ ಬಳಿ ಪುಡಿ ಮಾಡ್ರಿ, ಕೈ ಬರ್ತದ," ಎಂದು ಗುಂಪಿನಲ್ಲಿ ಒಬ್ಬ ಮುದುಕ ಹೇಳಿದ.

"ನಿನ್ನ ನಾಲಗಿ ಪುಡಿ ಮಾಡ್ತೇನಿ ನೋಡು!" ಎಂದಳು ಗುರಮ್ಮ. "ಕುಬಸದ ಬಳಿ ಅವು. ಬಾಯಾಗ ಅಂಥ ಮಾತು ತಗೀಬ್ಯಾಡ."

ಆಕೆಯ ಮಾತು ಶಾಸ್ತ್ರದ್ದು. ನನ್ನ ಅಂಜಿಕೆ ಬೇರೆ. ಬಳೆ ಒಡೆದರೆ ಗಾಜಿನ ಚೂರುಗಳಿಗೆ ಹೋಗಲು ಜಾಗವೇ ಇರಲಿಲ್ಲ, ಊದಿದ ಮಾಂಸದೊಳಗೇ ಹೋಗಬೇಕಿತ್ತು. ಇನ್ನೊಬ್ಬ ಜೇವರ್ಗಿಯಿಂದ ಗ್ಯಾಸಿನ ಕಟರು ತರಿಸಲು ಹೇಳಿದ. "ಆ ಬೆಂಕಿಗೆ ಪೈಪಿನ ಜೊತೆ ಕೈಯೂ ಬೇಯುತ್ತದಪ್ಪ," ಎಂದು ಸಾಹೇಬರು ಅವನನ್ನು ಸುಮ್ಮನಾಗಿಸಿದರು. ದವಾಖಾನೆಗೆ ಒಯ್ಯೋಣ ಎಂದವನಿಗೆ ಶರಣಪ್ಪ, "ಒಯ್ಯಬೇಕಂದ್ರ ಟಾಕಿ ಕಿತ್ತುಕೊಂಡೇ ಒಯ್ಯಬೇಕು ಮಾರಾಯಾ" ಎಂದ. ಹಿಂದಿನಿಂದ ಮತ್ತೊಂದು ದನಿ ಬಂತು: "ಭಾಳ ಹೊತ್ತಾದ್ರ ಕೈಯೇ ತಗೀಬೇಕಾಗ್ತದ."

ನೀಲಮ್ಮ ಅದನ್ನು ಕೇಳಿಸಿಕೊಂಡಳು. ಗೋಡೆಯಿಂದ ಕೆನ್ನೆ ಎತ್ತದೆ ನನ್ನ ಕಡೆ ಕಣ್ಣು ತಿರುಗಿಸಿ, "ಅಣ್ಣಾ, ಬಲಗೈರಿ ಅದು," ಎಂದಳು. "ಕೂಸಿನ್ನ ಹ್ಯಾಂಗ ಎತ್ತಿಕೊಳ್ಳಲಿ?"

ಶರಣಪ್ಪ ಚೀಲದಿಂದ ಚಕ್ರದ ಕಟರು ತೆಗೆದ. "ಗ್ವಾಡಿ ಬುಡಕ್ಕ ಹಚ್ಚಿ ನಾಕು ಸುತ್ತು ತಿರುಗಿಸ್ತೇನಿ. ಪೈಪು ಸಮೇತ ಜೀಪ್ನ್ಯಾಗ ಕುಂಡ್ರಿಸೋಣು."

"ಬೆರಳು ಎಲ್ಲಿತನ ಹೋಗ್ಯಾವ ಗೊತ್ತದೇನು?" ಎಂದೆ. "ಚಕ್ರ ಒಳಗ ಒತ್ತತದ. ಬೆರಳಿನ ಮ್ಯಾಲ ಒತ್ತಿದ್ರ?"

ಅವನ ಕೈ ತಡೆಯಿತು. ಬೆರಳು ಎಲ್ಲಿವೆ, ಜೀವ ಇದೆಯೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ಆಗ ಸಾಹೇಬರು ಪೈಪಿಗೆ ಕಿವಿಯಿಟ್ಟು, "ತಂಗೀ, ಬೆರಳು ಆಡಿಸು ನೋಡೋಣ," ಎಂದರು. ಸ್ವಲ್ಪ ಹೊತ್ತು ಬಿಟ್ಟು ತಲೆಯೆತ್ತಿದರು. "ಟಿಕ್ ಅಂತಿದೆ ಮೇಸ್ತ್ರಿ. ಏನದು?"

"ಉಂಗುರರಿ," ಎಂದಳು ಗುರಮ್ಮ. "ಕುಬಸಕ್ಕ ಅಕಿ ತಮ್ಮ ಹಾಕ್ಯಾನ."

ನಾನೂ ಕಿವಿಯಿಟ್ಟೆ. ಒಳಗಿನಿಂದ, ಗೋಡೆಯ ಬುಡದ ಹತ್ತಿರದಿಂದಲೇ, ಟಿಕ್... ಟಿಕ್. ಚಕ್ರ ಕೂರಬೇಕಿದ್ದ ಜಾಗದಲ್ಲೇ ಬೆರಳುಗಳಿದ್ದವು. ಶರಣಪ್ಪನಿಗೂ ಕೇಳಿಸಿತು. ಅವನು ಕಟರನ್ನು ಚೀಲಕ್ಕೆ ಹಾಕಿದ.

ಕೊನೆಗೆ ಮಾಡಿದ್ದು ಇಷ್ಟು. ಪೈಪನ್ನು ಅಡ್ಡ ಕೊಯ್ಯದೆ, ಬಾಯಿಂದ ಒಳಕ್ಕೆ ಉದ್ದುದ್ದ ಎರಡು ಕಡೆ ಸೀಳುವುದು. ಸೀಳಿಗೆ ಬೆಣೆ ಹೊಡೆದು ಬಾಯಿ ಅಗಲಿಸುವುದು. ಪೈಪನ್ನು ಗೋಡೆ ಹಿಡಿದಿತ್ತು, ಅದಕ್ಕಿಂತ ಗಟ್ಟಿ ಹಿಡಿತ ಬೇಕಿರಲಿಲ್ಲ. ದೊಡ್ಡ ಹಲ್ಲಿನ ಹೊಸ ಬ್ಲೇಡನ್ನು ಮೀಟಿ ನೋಡಿ ಫ್ರೇಮಿಗೆ ಹಾಕಿದೆ. ಹಲ್ಲು ಗೋಡೆಯ ಕಡೆ ಮುಖ ಮಾಡಿರಬೇಕು, ಜಾರಿದರೆ ಗೋಡೆಗೆ ಹೋಗಲಿ, ಆಕೆಯ ತೋಳಿಗೆ ಬರಬಾರದು. ಪಂಪಿನ ಹಳೆಯ ಚರ್ಮದ ವಾಷರನ್ನು ಬಿಡಿಸಿ, ಎಣ್ಣೆಯಲ್ಲಿ ತೋಯಿಸಿ, ಮಾಂಸಕ್ಕೂ ಪೈಪಿಗೂ ನಡುವೆ ನಿಧಾನ ತೂರಿಸಿದೆ. ಎಡಗಡೆ ಹೋಯಿತು. ಬಲಗಡೆ ಎಷ್ಟು ಮಾಡಿದರೂ ಹೋಗಲಿಲ್ಲ.

ಎಡಗಡೆ ಮೊದಲು ಕೊಯ್ದೆ. ಸಾಹೇಬರು ಮಂಡಿಯೂರಿ ಕೂತು ಆಕೆಯ ಮೊಣಕೈ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದರು. ಶರಣಪ್ಪ ಬ್ಲೇಡಿನ ಮೇಲೆ ಹನಿಹನಿಯಾಗಿ ನೀರು ಬಿಟ್ಟ, ಇಲ್ಲದಿದ್ದರೆ ಪೈಪು ಕಾಯುತ್ತಿತ್ತು. ಕೊಯ್ಯುವಾಗ ಉಂಗುರದ ಸದ್ದು ಕೇಳುತ್ತಿರಲಿಲ್ಲ. ಆದ್ದರಿಂದ ಸ್ವಲ್ಪ ಕೊಯ್ದು ನಿಲ್ಲಿಸುತ್ತಿದ್ದೆ. ನಿಲ್ಲಿಸಿದಾಗ ಗುರಮ್ಮ ಪೈಪಿಗೆ ಕಿವಿ ಹಚ್ಚಿ, "ಬಡಿಯವ್ವಾ" ಅನ್ನುತ್ತಿದ್ದಳು. ಒಳಗಿನಿಂದ ಟಿಕ್. "ಹೂಂ, ಕೊಯ್ರಿ." ಎಡಗಡೆ ಬ್ಲೇಡು ಲೋಹ ದಾಟಿ ಮೆತ್ತಗೆ ಚರ್ಮದ ವಾಷರಿಗೆ ಕೂತಾಗ ಅರ್ಧ ಉಸಿರು ಬಂತು.

ಬಲಗಡೆಗೆ ತಿರುಗಿದೆ. ಇಲ್ಲಿ ಬ್ಲೇಡಿಗೂ ಮಾಂಸಕ್ಕೂ ನಡುವೆ ಬಳೆ ಬಿಟ್ಟು ಬೇರೇನೂ ಇರಲಿಲ್ಲ. ಅರ್ಧ ದಪ್ಪದವರೆಗೆ ದೊಡ್ಡ ಹಲ್ಲಿನದರಲ್ಲೇ ಹೋದೆ. ಲೋಹ ತೆಳುವಾದ ಸದ್ದು ಬಂದ ಕೂಡಲೇ ಫ್ರೇಮು ಇಟ್ಟು, ಚೀಲದ ತಳ ಕೆದಕಿ ಸಣ್ಣ ಹಲ್ಲಿನ ಮುರಿದ ತುಂಡೊಂದನ್ನು ತೆಗೆದು ಅರಿವೆ ಸುತ್ತಿದೆ. ಇನ್ನು ತೋಳಿನ ಬಲ ಬೇಡ, ಬೆರಳಿನ ಬಲ ಸಾಕು.

"ಬಡಿಯವ್ವಾ," ಎಂದಳು ಗುರಮ್ಮ.

ಸದ್ದಿಲ್ಲ.

"ನೀಲವ್ವಾ, ಬಡಿ ನನ್ನವ್ವಾ."

"ಬಡ್ಯಾಕತ್ತೇನ್ರಿ ಅತ್ತಿ," ಎಂದಳು ನೀಲಮ್ಮ.

ಗುರಮ್ಮ ಕಿವಿ ತೆಗೆದು ನನ್ನ ಮುಖ ನೋಡಿದಳು. ಸೊಸೆಗೆ ಕೇಳದಂತೆ ತಲೆ ಮಾತ್ರ ಅಲ್ಲಾಡಿಸಿದಳು. ನಾನು ಕಿವಿಯಿಟ್ಟೆ. ಟಾಕಿಯೊಳಗೆ ಎಲ್ಲೋ ಹನಿ ಬೀಳುತ್ತಿತ್ತು, ಅಷ್ಟೇ. ಆಕೆ ಬಡಿಯುತ್ತಿದ್ದೇನೆ ಅಂದುಕೊಂಡಿದ್ದಳು. ಬೆರಳು ಆಕೆಯ ಮಾತು ಕೇಳುತ್ತಿರಲಿಲ್ಲ.

ಆಮೇಲಿನದು ಎಷ್ಟು ಹೊತ್ತೋ ನನಗೆ ತಿಳಿಯದು. ಜೋರಾಗಿ ಎಳೆದುಬಿಡು ಎಂದು ಕೈ ಅನ್ನುತ್ತಿತ್ತು. ಎಳೆದರೆ ಬ್ಲೇಡು ಒಮ್ಮೆಲೆ ಒಳಗೆ ಹಾಯುತ್ತದೆ, ರಕ್ತನಾಳದ ಪಕ್ಕದಲ್ಲೇ ಇದ್ದೆ. ನಿಧಾನ ಮಾಡಿದರೆ ಬೆರಳು ಹೋಗುತ್ತವೆ. ನನ್ನ ಬೆವರು ಆಕೆಯ ತೋಳಿನ ಮೇಲೆ ತೊಟ್ಟಿಕ್ಕುತ್ತಿತ್ತು. ಶರಣಪ್ಪ, ಯಾವತ್ತೂ ಅವಸರ ಮಾಡುವ ಶರಣಪ್ಪ, ನನ್ನ ಕಿವಿಯಲ್ಲಿ, "ಸಾವಕಾಶ ತಮ್ಮಾ, ಸಾವಕಾಶ," ಎನ್ನುತ್ತಿದ್ದ. ಉಸ್ತಾದರ ಕಿವಿಯನ್ನು ನನ್ನದಾಗಿ ಮಾಡಿಕೊಂಡು ಬ್ಲೇಡಿನ ಸದ್ದನ್ನಷ್ಟೇ ಕೇಳಿದೆ. ಕರಕರ ಅನ್ನುತ್ತಿದ್ದದ್ದು ಸರಸರ ಆಯಿತು. ಇನ್ನೊಂದು ಎಳೆತ. ಕಿರ್ ಎಂದಿತು. ಅದು ಕಬ್ಬಿಣವಲ್ಲ, ಗಾಜು.

"ಬಂತು!" ಎಂದು ಕೈ ಎತ್ತಿದೆ.

ಎರಡೂ ಸೀಳಿಗೆ ಎರಡು ಚಪ್ಪಟೆ ಸ್ಕ್ರೂಡ್ರೈವರು ಇಟ್ಟು ನಾನೂ ಶರಣಪ್ಪನೂ ಒಟ್ಟಿಗೇ ಮೆಲ್ಲಗೆ ತಟ್ಟಿದೆವು. ಪೈಪಿನ ಬಾಯಿ ಜೋಳದ ಕಾಳಿನಷ್ಟು ಬಿರಿಯಿತು. ಗುರಮ್ಮ ಮತ್ತೆ ಎಣ್ಣೆ ಹೊಯ್ದಳು. ಸಾಹೇಬರು ಎಳೆಯಲಿಲ್ಲ, ತೋಳನ್ನು ಸ್ವಲ್ಪ ತಿರುಗಿಸಿದರು ಅಷ್ಟೇ. ಕೈ ಹೊರಬಂತು, ಅದರ ಹಿಂದೆ ಆ ಅರಿವೆಯ ಉಂಡೆಯೂ ಬಂತು, ಅದರ ಹಿಂದೆ ನೀರು.

ಕೈ ನೇರಳೆ ಬಣ್ಣಕ್ಕೆ ತಿರುಗಿತ್ತು. ಗುರಮ್ಮ ಅದನ್ನು ಸೊಸೆಯ ಮಡಿಲಲ್ಲಿಟ್ಟು ತಿಕ್ಕತೊಡಗಿದಳು. ನೀಲಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಅತ್ತಿ, ನನ್ನ ಕೈ ಎಲ್ಲದ್ರಿ?"

ನನ್ನ ಇಡೀ ನೌಕರಿಯಲ್ಲಿ ಅಷ್ಟು ಅಂಜಿಸಿದ ಮಾತನ್ನು ನಾನು ಕೇಳಿಲ್ಲ.

ಉಂಗುರ ಬೆರಳಿನಲ್ಲಿ ಹೂತುಹೋಗಿತ್ತು. ಅದೇ ಸಣ್ಣ ಹಲ್ಲಿನ ತುಂಡಿನಿಂದ ಅದನ್ನೂ ಕೊಯ್ದು ತೆಗೆದೆ. ತಮ್ಮನ ಉಂಗುರ ಹೋಗಲಿ ಎಂದು ಗುರಮ್ಮ ತಾನೇ ಹೇಳಿದಳು. ತೆಗೆದಾದ ಮೇಲೆ ಹೆಬ್ಬೆರಳು ಒಮ್ಮೆ ಅಲುಗಿತು. ನೋಡುತ್ತಿದ್ದ ಹೆಂಗಸೊಬ್ಬಳು ಅಳಲು ಶುರುಮಾಡಿದಳು. ಸಾಹೇಬರು ಅತ್ತೆ ಸೊಸೆಯನ್ನು ಜೀಪಿನಲ್ಲಿ ದವಾಖಾನೆಗೆ ಕರೆದೊಯ್ದರು. ಬಳೆ ಒಂದೂ ಒಡೆದಿರಲಿಲ್ಲ. ಒಂದರ ಮೇಲೆ ಮಾತ್ರ ಬಿಳಿಯ ಗೀರು ಬಿದ್ದಿತ್ತು.

ಜೀಪು ಹೋದ ಮೇಲೆ ಶರಣಪ್ಪ ಆ ಸೀಳಿದ ಬಾಯಿಗೆ ಬೆರಳು ಹಾಕಿ ತಿರುಗಿಸಿ, ಥಟ್ಟನೆ ಹೊರಗೆಳೆದು ಬಾಯಲ್ಲಿಟ್ಟುಕೊಂಡ. ಪೈಪು ಹಾಕಿದವರು ಯಾರೋ, ಚಕ್ರದ ಕಟರಿನಲ್ಲಿ ತುಂಡು ಮಾಡಿ, ಒಳತುಟಿ ತಿಕ್ಕದೆ ಹೋಗಿದ್ದರು. ಒಳಗೆ ಹೋಗುವಾಗ ದಾರಿ ಕೊಟ್ಟ ಆ ಅಂಚು ಬರುವಾಗ ಬಳೆಗಳನ್ನು ತಡೆದಿತ್ತು. ಮರುದಿನ ನೋಡುತ್ತೇನೆ, ಶರಣಪ್ಪ ತನ್ನ ಕಟರಿಗೆ ಗುಂಡು ಕಾನಸನ್ನು ದಾರದಿಂದ ಕಟ್ಟಿದ್ದ. ಅದನ್ನು ಮುಟ್ಟದೆ ಇದನ್ನು ಎತ್ತಲು ಬರದಂತೆ. ನಿವೃತ್ತನಾಗುವವರೆಗೂ ಆ ದಾರ ಹಾಗೇ ಇತ್ತು, ಸವೆದಾಗ ಬದಲಿಸುತ್ತಿದ್ದ.

ಆಕೆಯ ಕೈ ಏನಾಯಿತೋ ನನಗೆ ಬಹಳ ದಿನ ತಿಳಿಯಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ. ಆ ಕಡೆ ಕೆಲಸ ಬಿದ್ದರೆ ಬೇರೆಯವರನ್ನು ಕಳಿಸಿ ನಾನು ಆಳಂದ ತಾಲೂಕಿನ ನರೋಣಾದ ಕಡೆ ಹೋಗುತ್ತಿದ್ದೆ. ನರೋಣಾದಲ್ಲಿ ಕೂತು ಪೈಪು ಕೊಯ್ಯುವಾಗಲೂ ನಡುನಡುವೆ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಬರೀ ಪೈಪು, ಒಳಗೆ ಯಾರೂ ಇಲ್ಲ ಎಂದು ಗೊತ್ತಿದ್ದರೂ.

ಕೊನೆಗೆ ಅದೇ ಟಾಕಿಗೆ ಹೊಸ ಪೈಪು, ಹೊಸ ನಳ ಹಾಕುವ ಕೆಲಸ ನನ್ನ ಪಾಲಿಗೇ ಬಂತು. ತಪ್ಪಿಸಿಕೊಳ್ಳಲು ಆಗಲಿಲ್ಲ. ಪೈಪು ಕತ್ತರಿಸಿ, ತಿಕ್ಕಿ, ಗೋಡೆಯಲ್ಲಿ ಕೂರಿಸಿ, ನಳ ತಿರುಗಿಸಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ತಡೀರಿ ಅಣ್ಣಾ. ನಳ ಹಚ್ಚಬ್ಯಾಡ್ರಿ."

ನೀಲಮ್ಮ. ಬಲಗೈಯಲ್ಲಿ ಹೆಣ್ಣುಕೂಸನ್ನು ಕಂಕುಳಿಗೆ ಒತ್ತಿ ಹಿಡಿದಿದ್ದಳು. ಕೂಸಿನ ಬೆನ್ನ ಮೇಲಿದ್ದ ಬೆರಳುಗಳನ್ನು ನಾನು ನೋಡಿದೆ. ಮೂರು ಹಿಡಿದಿದ್ದವು, ಕಿರುಬೆರಳು ಮತ್ತು ಪಕ್ಕದ್ದು ಸುಮ್ಮನೆ ಚಾಚಿಕೊಂಡಿದ್ದವು.

"ಅವೆರಡಕ್ಕ ಸುಟ್ರೂ ತಿಳಿಯಂಗಿಲ್ಲರಿ," ಎಂದಳು, ನಾನು ನೋಡಿದ್ದನ್ನು ನೋಡಿ. "ರೊಟ್ಟಿ ಮಾಡೂ ಮುಂದ ಅತ್ತಿ ಕಾಯ್ತಾರ." ಆಮೇಲೆ ಪೈಪಿನ ಬಾಯಿಯನ್ನೇ ದಿಟ್ಟಿಸಿದಳು. "ಒಳಗ ತಿಕ್ಕೀರೇನು?"

"ತಿಕ್ಕೇನಿ ತಂಗಿ. ಬೆರಳಾಡಿಸೂ ನೋಡೇನಿ."

"ನಿಮ್ಮ ಬೆರಳು ದಡ್ಡುಗಟ್ಟ್ಯಾವರಿ. ಅತ್ಲಾಗ ಸರೀರಿ."

ಕೂಸನ್ನು ಹಾಗೇ ಹಿಡಿದುಕೊಂಡು, ಎಡಗೈ ಬೆರಳನ್ನು ಪೈಪಿನ ಬಾಯಿಯ ಹತ್ತಿರ ತಂದಳು. ತಂದು ನಿಲ್ಲಿಸಿದಳು. ನಾನೇ ತಿಕ್ಕಿದ ಪೈಪು, ನಾನೇ ನೋಡಿದ ಒಳತುಟಿ, ಆದರೂ ಕಾನಸು ಎಲ್ಲಾದರೂ ಒಂದು ಕೂದಲೆಳೆ ಬಿಟ್ಟಿದ್ದರೆ ಅನ್ನಿಸಿತು. ಆಕೆ ಕಣ್ಣು ಮುಚ್ಚಿ ಬೆರಳನ್ನು ಒಳಗೆ ಹಾಕಿ ನಿಧಾನವಾಗಿ ಒಂದು ಸುತ್ತು ತಿರುಗಿಸಿದಳು. ಹೊರಗೆ ತೆಗೆದು ಬಿಸಿಲಿಗೆ ಹಿಡಿದು ನೋಡಿದಳು. ಮತ್ತೊಮ್ಮೆ ಹಾಕಿ ಇನ್ನೊಂದು ಸುತ್ತು.

"ಹೂಂ," ಎಂದಳು. "ಈಗ ಹಚ್ರಿ ನಳ."